ಕಿಟ್ ಬರೆದವನೊಬ್ಬ, ಫೈಲು ಕಳಿಸುವವನೊಬ್ಬ

2024ರ ಮಳೆಗಾಲದ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡಿತು. ಕೆಲವರಿಗೆ ಅದು ಪರಿವಾಹನ್ ಸೇವೆಯ ಹೆಸರಿನಲ್ಲಿ ಬಂತು, ಕೆಲವರಿಗೆ ಕರ್ನಾಟಕ ಪೊಲೀಸರ ಹೆಸರಿನಲ್ಲಿ. ನಿಮ್ಮ ವಾಹನ ಸಂಚಾರ ನಿಯಮ ಮುರಿದಿದೆ, ಚಲನ್ ನೋಡಬೇಕಾದರೆ ಈ ಆ್ಯಪ್ ಹಾಕಿಕೊಳ್ಳಿ ಎಂಬ ಒಕ್ಕಣೆ. ಹಾಕಿಕೊಂಡವರ ಫೋನಿನಲ್ಲಿ ಆ ಆ್ಯಪ್ ಕಾಂಟ್ಯಾಕ್ಟ್‌ಗಳನ್ನು ಕೇಳಿತು, ಕರೆಗಳ ಅನುಮತಿ ಕೇಳಿತು, ಎಸ್‌ಎಂಎಸ್‌ಗಳೆಲ್ಲ ತನ್ನ ಮೂಲಕವೇ ಹಾದುಹೋಗಬೇಕೆಂದೂ ಕೇಳಿತು. ಅಷ್ಟು ಸಿಕ್ಕ ಮೇಲೆ ಒಟಿಪಿಗಳು ವಂಚಕರ ಕೈಗೆ ಹೋದವು. ಅವರು ಆ ಒಟಿಪಿಗಳಿಂದ ಜನರ ಆನ್‌ಲೈನ್ ಖರೀದಿ ಖಾತೆಗಳಿಗೆ ನುಗ್ಗಿ ಗಿಫ್ಟ್ ಕಾರ್ಡ್ ಕೊಂಡು ಹಣ ಕರಗಿಸಿದರು.

ಈ ಜಾಲವನ್ನು ಬಿಡಿಸಿ ತೋರಿಸಿದ್ದು ಬೆಂಗಳೂರಿನ ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ. ಜುಲೈನಲ್ಲಿ ಹೊರಬಂದ ಅದರ ವರದಿಯ ಪ್ರಕಾರ ಕಾರ್ಯಾಚರಣೆಯ ಹಿಂದಿದ್ದವರು ವಿಯೆಟ್ನಾಂನವರು. ಆ ಆ್ಯಪ್‌ನೊಳಗಿನ ಮಾಲ್‌ವೇರ್, ಅಂದರೆ ಕೇಡು ಮಾಡುವ ಸಾಫ್ಟ್‌ವೇರ್, ವ್ರೋಂಬಾ ಎಂಬ ಕುಟುಂಬಕ್ಕೆ ಸೇರಿದ್ದು. ಸೋಂಕು ತಗುಲಿದ ಫೋನುಗಳು 4,400ಕ್ಕೂ ಹೆಚ್ಚು. ಒಬ್ಬ ವಂಚಕನ ಕೈಯಿಂದಲೇ ನಡೆದ ವಹಿವಾಟು 16 ಲಕ್ಷ ರೂಪಾಯಿ ದಾಟಿತ್ತು. ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲಿ ಗುಜರಾತ್ ಮೊದಲು, ಎರಡನೆಯದು ನಮ್ಮ ಕರ್ನಾಟಕ.

ಸಕಲೇಶಪುರ, ಆಲೂರು ಕಡೆಯ ಓದುಗರು ಈ ಸುದ್ದಿಯನ್ನು ಬೆಂಗಳೂರಿನ ವಿಷಯವೆಂದು ಪಕ್ಕಕ್ಕಿಡಬಾರದು. ಶಿರಾಡಿ ಘಾಟಿಯ ಹೆದ್ದಾರಿ ನಮ್ಮ ಮಧ್ಯದಲ್ಲೇ ಹಾದುಹೋಗುತ್ತದೆ. ಪಿಕಪ್ ಇಲ್ಲದ ತೋಟ ಕಡಿಮೆ, ಜೀಪು ಓಡಿಸದ ಮನೆಯೂ ಕಡಿಮೆ. ಚಲನ್ ಬಂದಿದೆ ಎಂದರೆ ಬಂದಿರಬಹುದು ಎಂದೇ ಯಾರಿಗಾದರೂ ಅನ್ನಿಸುತ್ತದೆ. ಪಿಎಂ ಕಿಸಾನ್ ಹೆಸರಿನ ಆ್ಯಪ್, ಬ್ಯಾಂಕ್ ಕೆವೈಸಿ ಹೆಸರಿನ ಆ್ಯಪ್, ಮದುವೆ ಕಾಲದಲ್ಲಿ ಆಮಂತ್ರಣ ಪತ್ರಿಕೆಯ ವೇಷದಲ್ಲಿ ಬರುವ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಅಳವಡಿಸುವ) ಫೈಲು, ಇವೆಲ್ಲ ಅದೇ ದಾರಿಯಲ್ಲಿ ಬರುವಂಥವು. ಕಾಫಿ ಕೊಯ್ಲು ಮುಗಿದು ಪಾರ್ಚ್‌ಮೆಂಟು, ಚೆರಿ ಮಾರಿದ ದುಡ್ಡು ಖಾತೆಯಲ್ಲಿರುವ ತಿಂಗಳುಗಳಲ್ಲಿ ಇಂಥ ಒಂದು ಫೈಲು ಮಾಡಬಹುದಾದ ನಷ್ಟ ಒಂದು ಸಂಸಾರದ ವರ್ಷದ ಆದಾಯ.

ಇಷ್ಟೊಂದು ಬಗೆಯ ಆ್ಯಪ್‌ಗಳನ್ನು ಯಾರು ಕೂತು ಬರೆಯುತ್ತಾರೆ? ನಾನು ಬರೆಯಹೊರಟಿರುವುದು ಈ ಪ್ರಶ್ನೆಯ ಬಗ್ಗೆ. ಇದರ ಉತ್ತರ ತಿಳಿದರೆ ನಮ್ಮ ಫೋನಿನ ರಕ್ಷಣೆಗೆ ಇಟ್ಟುಕೊಂಡ ಸಾಫ್ಟ್‌ವೇರ್ ಏನು ಮಾಡಬಲ್ಲದು, ಎಲ್ಲಿ ಕೈಚೆಲ್ಲುತ್ತದೆ ಎಂಬುದು ತಿಳಿಯುತ್ತದೆ.

ಬರೆಯುವವರು ಬಹಳ ಕಡಿಮೆ. ಕಳಿಸುವವರು ಲೆಕ್ಕವಿಲ್ಲದಷ್ಟು. ನಡುವೆ ಇರುವುದು ಕಿಟ್. ಕಿಟ್ ಎಂದರೆ ಮಾಲ್‌ವೇರ್ ತಯಾರಿಸಿಕೊಡುವ ಸಾಫ್ಟ್‌ವೇರ್. ಅದರಲ್ಲಿ ಆ್ಯಪ್‌ಗೆ ಹೆಸರೇನು, ಚಿಹ್ನೆ ಯಾವುದು, ಕದ್ದ ಮಾಹಿತಿ ಎಲ್ಲಿಗೆ ಹೋಗಬೇಕು ಎಂದು ಖಾನೆಗಳಿರುತ್ತವೆ. ತುಂಬಿ ಗುಂಡಿ ಒತ್ತಿದರೆ ಫೈಲು ತಯಾರು. ಒಂದು ಸಾಲು ಪ್ರೋಗ್ರಾಂ ಬರೆಯಲು ಬಾರದವನೂ ಬೆಳಗ್ಗೆ ಪಿಎಂ ಕಿಸಾನ್ ಆ್ಯಪ್, ಮಧ್ಯಾಹ್ನ ಚಲನ್ ಆ್ಯಪ್, ಸಂಜೆ ಬ್ಯಾಂಕ್ ಆ್ಯಪ್ ಹೊರಡಿಸಬಹುದು. ಹೊರಗಿನ ಬಣ್ಣ ಬೇರೆ ಬೇರೆ, ಒಳಗಿನ ಕಳ್ಳ ಒಬ್ಬನೇ. ಜೊತೆಗೆ ಒಂದು ಪ್ಯಾನೆಲ್ ಕೊಡುತ್ತಾರೆ. ಯಾವ ಫೋನ್ ಸಿಕ್ಕಿಬಿದ್ದಿದೆ, ಯಾವ ಎಸ್‌ಎಂಎಸ್ ಬಂದಿದೆ ಎಂದು ವಂಚಕ ಅದರಲ್ಲಿ ನೋಡುತ್ತಾ ಕೂರುತ್ತಾನೆ.

2025ರ ಜನವರಿಯಲ್ಲಿ ಜಾರ್ಖಂಡ್‌ನ ಜಾಮ್‌ತಾರಾದಲ್ಲಿ ಪೊಲೀಸರು ಆರು ಮಂದಿಯನ್ನು ಹಿಡಿದರು. ಪಿಎಂ ಕಿಸಾನ್, ಫಸಲ್ ಬಿಮಾ ಮುಂತಾದ ಹೆಸರಿನ ಆ್ಯಪ್‌ಗಳನ್ನು ತಯಾರಿಸಿ ತಾವು ಬಳಸುವುದಲ್ಲದೆ ಬೇರೆ ವಂಚಕರಿಗೂ ಕೊಟ್ಟು ಹಣ ಮಾಡುತ್ತಿದ್ದರು ಎಂಬುದು ಅವರ ಮೇಲಿನ ಆರೋಪ. ಅದರ ಮರುತಿಂಗಳು ಜಿಂಪೇರಿಯಂ ಎಂಬ ಮೊಬೈಲ್ ಭದ್ರತಾ ಸಂಸ್ಥೆ ಭಾರತದ ಬ್ಯಾಂಕ್ ಗ್ರಾಹಕರನ್ನೇ ಗುರಿಯಾಗಿಸಿದ ಒಂದು ಜಾಲವನ್ನು ಬಯಲು ಮಾಡಿತು. ಅದರಲ್ಲಿ ಸಿಕ್ಕ ಬೇರೆ ಬೇರೆ ಆ್ಯಪ್ ಫೈಲುಗಳು ಸುಮಾರು 900. ಕದ್ದ ಮಾಹಿತಿ ಸಂಗ್ರಹವಾಗಿದ್ದ 222 ಫೈರ್‌ಬೇಸ್ ತಾಣಗಳಿಗೆ ಬೀಗವೇ ಇರಲಿಲ್ಲ. ಸುಮಾರು 50,000 ಜನರ ವಿವರ ಯಾರು ಬೇಕಾದರೂ ನೋಡುವ ಹಾಗೆ ಬಿದ್ದಿತ್ತು. ಹಣ ಕಳೆದುಕೊಂಡವರ ಗುಟ್ಟು ಕಳ್ಳನ ಹತ್ತಿರವೂ ಭದ್ರವಾಗಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ. 900 ಫೈಲನ್ನು ಒಂದೊಂದಾಗಿ ಕೈಯಲ್ಲಿ ಯಾರೂ ಬರೆಯುವುದಿಲ್ಲ. ಒಂದೇ ಅಚ್ಚಿನಿಂದ ಇಳಿಸುತ್ತಾರೆ.

ಈ ವಿದ್ಯೆ ಹೊಸದಲ್ಲ. 1992ರಲ್ಲೇ ನ್ಯೂಕ್ ಎಂಬ ಗುಂಪಿನ ಒಬ್ಬಾತ ವೈರಸ್ ಕ್ರಿಯೇಷನ್ ಲ್ಯಾಬೊರೇಟರಿ ಎಂಬ ಸಾಫ್ಟ್‌ವೇರ್ ಬಿಟ್ಟ. ಮೆನು ಇತ್ತು, ಮೌಸ್ ಹಿಡಿದು ಬೇಕಾದ್ದನ್ನು ಆರಿಸಿ ವೈರಸ್ ಮಾಡಬಹುದಿತ್ತು. ಅದು ಹೊರಡಿಸಿದ ಹಲವು ವೈರಸ್‌ಗಳು ಸರಿಯಾಗಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಅದೇ ವರ್ಷ ಇನ್ನೊಂದು ಗುಂಪಿನಿಂದ ಪಿಎಸ್-ಎಂಪಿಸಿ ಎಂಬ ಕಿಟ್ ಬಂತು. ಇದರ ಸಂತಾನ ಸಾವಿರಾರು. ಬಲ್ಗೇರಿಯಾದ ಡಾರ್ಕ್ ಅವೆಂಜರ್ ಎಂಬ ಗುಪ್ತನಾಮದವನು ಆ ಕಾಲದಲ್ಲೇ ಮ್ಯುಟೇಷನ್ ಎಂಜಿನ್ ಎಂಬುದನ್ನು ಹೊರಬಿಟ್ಟ. ಯಾವ ವೈರಸ್‌ಗೆ ಜೋಡಿಸಿದರೂ ಪ್ರತಿ ಸಲ ಹರಡುವಾಗ ರೂಪ ಬದಲಾಗುತ್ತಿತ್ತು. ಆಗಿನ ಆ್ಯಂಟಿವೈರಸ್ ತಯಾರಕರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು.

ಕಿಟ್ ಎಂದರೇನು ಎಂದು ಜಗತ್ತಿಗೆಲ್ಲ ಗೊತ್ತಾದದ್ದು 2001ರ ಫೆಬ್ರುವರಿಯಲ್ಲಿ. ನೆದರ್‌ಲ್ಯಾಂಡ್ಸ್‌ನ ಸ್ನೇಕ್ ಎಂಬ ಊರಿನ 20 ವರ್ಷದ ಯಾನ್ ಡಿ ವಿಟ್ ಎಂಬಾತ ಟೆನಿಸ್ ಆಟಗಾರ್ತಿ ಅನ್ನಾ ಕುರ್ನಿಕೋವಾ ಚಿತ್ರ ಎಂಬ ಹೆಸರು ಕೊಟ್ಟು ಇಮೇಲ್ ಹುಳುವೊಂದನ್ನು ಹರಿಯಬಿಟ್ಟ. ಅರ್ಜೆಂಟೀನಾದ ಯುವಕನೊಬ್ಬ ಮಾಡಿಟ್ಟಿದ್ದ ವರ್ಮ್ ಜನರೇಟರ್ ಇಳಿಸಿಕೊಂಡು ಅದನ್ನು ತಯಾರಿಸಿದ್ದ, ಪ್ರೋಗ್ರಾಮಿಂಗ್ ಅವನಿಗೆ ಬರುತ್ತಿರಲಿಲ್ಲ. ಜಗತ್ತಿನ ಮೇಲ್ ಸರ್ವರ್‌ಗಳು ತತ್ತರಿಸಿದವು. ನ್ಯಾಯಾಲಯ ಅವನಿಗೆ 150 ಗಂಟೆಗಳ ಸಮುದಾಯ ಸೇವೆಯ ಶಿಕ್ಷೆ ಕೊಟ್ಟಿತು. ನಮ್ಮ ವಿಷಯಕ್ಕೆ ಇದರಲ್ಲಿ ಮುಖ್ಯವಾದದ್ದು ಬೇರೆಯೇ ಇದೆ. ಆ ಜನರೇಟರ್ ಹೊರಡಿಸುವ ಹುಳುಗಳ ಸಾಮಾನ್ಯ ಲಕ್ಷಣವನ್ನು ಕೆಲವು ಆ್ಯಂಟಿವೈರಸ್‌ಗಳು ಮೊದಲೇ ಕಲಿತಿದ್ದವು. ಕುರ್ನಿಕೋವಾ ಹೆಸರಿನ ಫೈಲು ಹುಟ್ಟುವ ಮುಂಚೆಯೇ ಅದನ್ನು ಹಿಡಿಯಲು ಅವು ಸಿದ್ಧವಾಗಿದ್ದವು.

ಆಮೇಲೆ ಕಿಟ್‌ಗಳು ವ್ಯಾಪಾರವಾದವು. ಬ್ಯಾಂಕ್ ಖಾತೆ ಕದಿಯುವ ಝ್ಯೂಸ್ ಬಂತು. ಅದರ ಮೂಲ ಕೋಡ್ 2011ರ ಮೇ ತಿಂಗಳಲ್ಲಿ ಹೊರಬಿದ್ದು ಮರಿಗಳು ಹುಟ್ಟಿದವು. ಸ್ಪೈಐ ಎಂಬ ಕಿಟ್ ಬರೆದ ರಷ್ಯಾದ ಅಲೆಕ್ಸಾಂಡರ್ ಪಾನಿನ್‌ಗೆ 2016ರಲ್ಲಿ ಅಮೆರಿಕದ ನ್ಯಾಯಾಲಯ ಒಂಬತ್ತೂವರೆ ವರ್ಷ, ಅವನ ಜೊತೆಗಾರ ಹಮ್ಜಾ ಬೆಂದೆಲ್ಲಾಜ್‌ಗೆ 15 ವರ್ಷ ಸೆರೆವಾಸ ವಿಧಿಸಿತು. 2022ರಲ್ಲಿ ಎರಡು ಕಿಟ್‌ಗಳು ಬೀದಿಗೆ ಬಿದ್ದವು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಲಾಕ್‌ಬಿಟ್ ರಾನ್ಸಂವೇರ್ ತಯಾರಿಸುವ ಬಿಲ್ಡರ್ ಸೆಪ್ಟೆಂಬರ್‌ನಲ್ಲಿ, ಆಂಡ್ರಾಯ್ಡ್ ಫೋನುಗಳ ಮೇಲೆ ಕಣ್ಣಿಡುವ ಸ್ಪೈನೋಟ್‌ನ ಮೂಲ ಕೋಡ್ ಅಕ್ಟೋಬರ್‌ನಲ್ಲಿ. ಹೀಗೆ ಒಮ್ಮೆ ಹೊರಬಿದ್ದದ್ದನ್ನು ವಾಪಸು ಪಡೆಯುವ ದಾರಿಯಿಲ್ಲ. ಬರೆದವನು ಜೈಲಿಗೆ ಹೋದರೂ ಅವನ ಕಿಟ್ ಹೊರಗೇ ಇರುತ್ತದೆ.

ಇನ್ನು ರಕ್ಷಣೆಯ ಕಡೆ. ಪ್ರತಿ ಫೈಲಿಗೂ ಗಣಿತದ ಲೆಕ್ಕದಿಂದ ಬರುವ ಒಂದು ಗುರುತು ಇದೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಗುರುತು ಪೂರ್ತಿ ಬೇರೆಯಾಗುತ್ತದೆ. ಕೆಟ್ಟ ಫೈಲುಗಳ ಗುರುತಿನ ಪಟ್ಟಿ ಇಟ್ಟುಕೊಂಡು ಹೋಲಿಸಿ ನೋಡುವುದು ಸರಳವಾದ, ವೇಗದ ವಿಧಾನ. ಕಿಟ್‌ನ ಎದುರು ಇದು ನಿಲ್ಲುವುದಿಲ್ಲ. ನನಗೆ ಬಂದ ಫೈಲು ನಿಮಗೆ ಬಂದ ಫೈಲಿಗಿಂತ ಬೇರೆ. ಇವತ್ತು ಬೆಳಗ್ಗೆ ಹುಟ್ಟಿದ ಫೈಲು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಕಾಫಿ ಬೆಳೆಗಾರರಿಗೆ ಇದನ್ನು ಹೇಳಲು ಹತ್ತಿರದ್ದೊಂದು ಕಥೆಯಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ಎಂಬ ವಿಜ್ಞಾನಿ 1930ರ ದಶಕದ ಆರಂಭದಲ್ಲಿ ಎಲೆ ತುಕ್ಕು ರೋಗವನ್ನು ಅಭ್ಯಾಸ ಮಾಡಿದ. ಒಂದೇ ಶಿಲೀಂಧ್ರವೆಂದು ತಿಳಿದಿದ್ದ ತುಕ್ಕಿನಲ್ಲಿ ಬೇರೆ ಬೇರೆ ತಳಿಗಳಿವೆ, ಒಂದು ತಳಿಗೆ ಬಗ್ಗದ ಗಿಡ ಇನ್ನೊಂದಕ್ಕೆ ಬಲಿಯಾಗುತ್ತದೆ ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ. ಕೆಂಟ್ಸ್ ಎಂಬ ಕಾಫಿ ಗಿಡ ಸೋತದ್ದು ಹಾಗೆ. 1940ರ ದಶಕದಲ್ಲಿ ಬಂದ ಎಸ್. 795 ದಶಕಗಳ ಕಾಲ ನಮ್ಮ ತೋಟಗಳನ್ನು ಹೊತ್ತು ನಿಂತಿತು, ಅದಕ್ಕೂ ಈಗ ತುಕ್ಕು ಹತ್ತುತ್ತದೆ. ಒಂದು ತಳಿಯನ್ನು ತಡೆದು ಗೆದ್ದೆವೆಂದುಕೊಂಡರೆ ಇನ್ನೊಂದು ಬರುತ್ತದೆ. ಹಾಗಾಗಿ ತಳಿ ತಜ್ಞರು ಹಲವು ತುಕ್ಕು ತಳಿಗಳಿಗೆ ಒಟ್ಟಿಗೆ ಎದುರು ನಿಲ್ಲುವ ಗುಣ ಹುಡುಕಿದರು. ಆ್ಯಂಟಿವೈರಸ್ ಬರೆಯುವವರೂ ಮಾಡಬೇಕಾದದ್ದು ಅದನ್ನೇ. ಬಿಡಿ ಫೈಲಿನ ಗುರುತು ಬಿಟ್ಟು, ಅದನ್ನು ಹೆತ್ತ ಕಿಟ್‌ನ ಗುರುತು ಹುಡುಕಬೇಕು.

ಕಿಟ್ ಎಷ್ಟೇ ವೇಷ ಹಾಕಿಸಿದರೂ ತನ್ನ ಕೈಬರಹ ಬಿಟ್ಟೇ ಬಿಡುತ್ತದೆ. ಎಸ್‌ಎಂಎಸ್ ಓದಿ ಹೊರಗೆ ಕಳಿಸುವ ಕೋಡಿನ ತುಣುಕು ಎಲ್ಲ ಫೈಲುಗಳಲ್ಲೂ ಒಂದೇ. ಆಂಡ್ರಾಯ್ಡ್ ಆ್ಯಪ್‌ಗೆ ತಯಾರಕನ ಡಿಜಿಟಲ್ ಸಹಿ ಬೇಕು. ಸೋಮಾರಿ ವಂಚಕ ನೂರು ಆ್ಯಪ್‌ಗೂ ಒಂದೇ ಸಹಿ ಹಾಕುತ್ತಾನೆ. ಕೇಳುವ ಅನುಮತಿಗಳ ಗುಂಪು ಒಂದೇ ಥರ ಇರುತ್ತದೆ. ಕದ್ದದ್ದು ಹೋಗುವ ಸರ್ವರ್ ವಿಳಾಸ ಒಂದೇ ಮಾದರಿಯಲ್ಲಿರುತ್ತದೆ. ಇವನ್ನು ಜೋಡಿಸಿ ಬರೆದ ಒಂದು ನಿಯಮ ಇನ್ನೂ ಹುಟ್ಟದ ಸಾವಿರ ಫೈಲುಗಳನ್ನು ಹಿಡಿಯಬಲ್ಲದು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7ರಂಥ ನಮ್ಮ ದೇಶದ ತಯಾರಕರೂ ಹೊರಗಿನವರೂ ಎಲ್ಲರೂ ಇದನ್ನು ಮಾಡುತ್ತಾರೆ. ಇದರ ಮೇಲೆ ಇನ್ನೊಂದು ಪದರವಿದೆ. ಫೈಲು ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಏನು ಮಾಡುತ್ತದೆ ಎಂದು ನೋಡುವುದು. ಮದುವೆ ಕಾಗದ ಎಂದು ಹೇಳಿಕೊಂಡ ಆ್ಯಪ್‌ಗೆ ಎಸ್‌ಎಂಎಸ್ ಓದುವ ಅಗತ್ಯವೇನು? ಅದನ್ನು ಬೇರ್ಪಟ್ಟ ಜಾಗದಲ್ಲಿ ಓಡಿಸಿ ನಡತೆ ಪರೀಕ್ಷಿಸಿದರೆ ವೇಷ ಕಳಚುತ್ತದೆ.

ಕಿಟ್ ಬರೆಯುವವರು ಸುಮ್ಮನಿಲ್ಲ. ಪರೀಕ್ಷೆಯ ಜಾಗವೆಂದು ತಿಳಿದರೆ ಏನೂ ಮಾಡದೆ ಸುಮ್ಮನಾಗುವ ಮಾಲ್‌ವೇರ್ ಇದೆ. ಕಳಿಸುವ ಮೊದಲು ತಮ್ಮ ಫೈಲು ಯಾವ ಆ್ಯಂಟಿವೈರಸ್‌ಗೆ ಸಿಕ್ಕುತ್ತದೆ ಎಂದು ಗುಟ್ಟಾಗಿ ಪರೀಕ್ಷಿಸಿಕೊಡುವ ಸೇವೆಗಳೂ ಇವೆ. ಅಂಥದ್ದರಲ್ಲಿ ದೊಡ್ಡದಾದ ಸ್ಕ್ಯಾನ್4ಯು ನಡೆಸುತ್ತಿದ್ದ ರುಸ್ಲಾನ್ಸ್ ಬೊಂಡಾರ್ಸ್‌ಗೆ 2018ರಲ್ಲಿ ಅಮೆರಿಕದಲ್ಲಿ 14 ವರ್ಷ ಶಿಕ್ಷೆಯಾಯಿತು. ಅವನ ಅಪರಾಧ ಕದಿಯುವವರಿಗೆ ಸಿಕ್ಕಿಬೀಳದಿರುವ ದಾರಿ ಒದಗಿಸಿದ್ದು. ಆ ತೀರ್ಪು ನನಗೆ ಸರಿಯೆನಿಸುತ್ತದೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಕಿಟ್ ಹೊರಡಿಸಿದ ಫೈಲನ್ನು ತಡೆಯುವುದು ಸರಿ. ಕಿಟ್ ತಾನೇ ಒಂದು ಕಂಪ್ಯೂಟರಿನಲ್ಲಿ ಸಿಕ್ಕರೆ ಆ್ಯಂಟಿವೈರಸ್ ಏನು ಮಾಡಬೇಕು? ಅದು ಆ ಕಂಪ್ಯೂಟರಿಗೆ ಏನೂ ಹಾನಿ ಮಾಡುತ್ತಿಲ್ಲ. ತಾನಾಗಿ ಹರಡುವುದೂ ಇಲ್ಲ. ಈ ಕಾರಣಕ್ಕೆ ಅದನ್ನು ವೈರಸ್ ಎಂದು ಕರೆಯಬಾರದು ಎಂಬ ವಾದ ಮೊದಲಿನಿಂದಲೂ ಇದೆ. ಭದ್ರತಾ ಸಂಶೋಧಕರು, ಕಂಪನಿಗಳ ರಕ್ಷಣೆ ಪರೀಕ್ಷಿಸುವವರು ತಮ್ಮ ಕೆಲಸಕ್ಕೆ ಇಂಥ ಉಪಕರಣ ಇಟ್ಟುಕೊಂಡಿರುತ್ತಾರೆ. ಎಚ್.ಡಿ. ಮೂರ್ 2003ರಲ್ಲಿ ಆರಂಭಿಸಿದ ಮೆಟಾಸ್ಪ್ಲಾಯಿಟ್ ಇಂದಿಗೂ ಸೈಬರ್ ಭದ್ರತೆ ಕಲಿಯುವ ವಿದ್ಯಾರ್ಥಿಗಳ ಪಾಠದಲ್ಲಿದೆ. ಆ್ಯಂಟಿವೈರಸ್ ಅದನ್ನು ಕಂಡರೆ ಕೂಗುತ್ತದೆ. ಕಲಿಯುವವರು ತಿಳಿದೇ ವಿನಾಯಿತಿ ಕೊಟ್ಟು ಕೆಲಸ ಮುಂದುವರಿಸುತ್ತಾರೆ.

ತಯಾರಕರು ಕಂಡುಕೊಂಡ ದಾರಿ ಬೇರೆ ಹೆಸರು ಕೊಡುವುದು. ಕ್ಯಾಸ್ಪರ್‌ಸ್ಕಿ ಇಂಥವನ್ನು ಕನ್‌ಸ್ಟ್ರಕ್ಟರ್ ಎಂಬ ವರ್ಗಕ್ಕೆ ಹಾಕುತ್ತದೆ. ಮೈಕ್ರೋಸಾಫ್ಟ್ ವಿರ್‌ಟೂಲ್, ಹ್ಯಾಕ್‌ಟೂಲ್ ಎಂಬ ಹೆಸರು ಬಳಸುತ್ತದೆ. ಇದು ನಿಮ್ಮ ಕಂಪ್ಯೂಟರಿಗೆ ತಗುಲಿದ ಸೋಂಕಲ್ಲ, ಸೋಂಕು ತಯಾರಿಸುವ ಸಾಮಗ್ರಿ ಎಂಬ ಸೂಚನೆ ಅದರಲ್ಲಿದೆ. ನನ್ನ ದೃಷ್ಟಿಯಲ್ಲಿ ಕಿಟ್ ಅನ್ನು ಹಿಡಿದು ತೋರಿಸಲೇಬೇಕು. ಕಾಲೇಜಿನ ಲ್ಯಾಬಿನಲ್ಲಿ, ಸೈಬರ್ ಸೆಂಟರಿನಲ್ಲಿ, ಕಚೇರಿಯಲ್ಲಿ ಇಂಥದ್ದೊಂದು ಬಂದು ಕೂತಿದೆ ಎಂದು ಆ ಕಂಪ್ಯೂಟರಿನ ಹೊಣೆ ಹೊತ್ತವರಿಗೆ ತಿಳಿಯುವುದು ಅವರ ಹಕ್ಕು. ಇಟ್ಟುಕೊಳ್ಳಲು ನ್ಯಾಯವಾದ ಕಾರಣ ಇರುವವರಿಗೆ ವಿನಾಯಿತಿ ಕೊಡುವುದೂ ಗೊತ್ತಿರುತ್ತದೆ. ಕಾರಣ ಇಲ್ಲದವನಿಗೆ ಅನುಕೂಲ ಮಾಡಿಕೊಡಲು ಉಳಿದವರ ಕಣ್ಣು ಕಟ್ಟಬಾರದು.

ಆದರೆ ಈ ಹ್ಯಾಕ್‌ಟೂಲ್ ಎಂಬ ಎಚ್ಚರಿಕೆ ನಮ್ಮ ಕಡೆಯ ಎಷ್ಟೋ ಕಂಪ್ಯೂಟರುಗಳಲ್ಲಿ ಬೆಲೆ ಕಳೆದುಕೊಂಡಿದೆ. ಎಸ್ಟೇಟ್ ಆಫೀಸಿನಲ್ಲಿ ರೈಟರ್ ಮುಂದೆ ಇರುವ ಕಂಪ್ಯೂಟರಿಗೆ ಪರವಾನಗಿ ಇಲ್ಲದ ವಿಂಡೋಸ್, ಕ್ರ್ಯಾಕ್ ಮಾಡಿದ ಲೆಕ್ಕಪತ್ರದ ಸಾಫ್ಟ್‌ವೇರ್ ಹಾಕಿಕೊಟ್ಟಾಗ ಆ್ಯಂಟಿವೈರಸ್ ತಕ್ಷಣ ಅದೇ ಹೆಸರಿನ ಎಚ್ಚರಿಕೆ ತೋರಿಸುತ್ತದೆ. ಪರವಾನಗಿಯ ಬೀಗ ಮುರಿಯುವ ಸಾಧನಗಳನ್ನೂ ಮೈಕ್ರೋಸಾಫ್ಟ್ ಇದೇ ವರ್ಗದಲ್ಲಿ ಇಟ್ಟಿದೆ. ಹಾಕಿಕೊಟ್ಟವನು ‘ಸಾರ್, ಅದು ಸುಮ್ನೆ ತೋರಿಸ್ತದೆ, ಆಫ್ ಮಾಡಿದೀನಿ’ ಎಂದು ಹೇಳಿ ಹೋಗುತ್ತಾನೆ. ಅಂದಿನಿಂದ ಆ ಕಂಪ್ಯೂಟರಿಗೆ ಕಾವಲಿಲ್ಲ. ಕೂಲಿಯವರ ಹಾಜರಿ, ಬಟವಾಡೆ ಲೆಕ್ಕ, ಜಿಎಸ್‌ಟಿ, ಬ್ಯಾಂಕ್ ಲಾಗಿನ್ ಎಲ್ಲ ಅದರಲ್ಲೇ. ಹೊರಬಿದ್ದ ಲಾಕ್‌ಬಿಟ್ ಬಿಲ್ಡರ್ ಹಿಡಿದು ಯಾರು ಬೇಕಾದರೂ ರಾನ್ಸಂವೇರ್ ಮಾಡಬಹುದಾದ ಕಾಲದಲ್ಲಿ ಇದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ವಾರಕ್ಕೊಮ್ಮೆ ಲೆಕ್ಕವನ್ನು ಬೇರೆ ಡಿಸ್ಕಿಗೆ ಇಳಿಸಿ, ಇಳಿಸಿದ ಮೇಲೆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಇಡೀ ವರ್ಷದ ಲೆಕ್ಕಕ್ಕೆ ಯಾರೋ ಬೀಗ ಹಾಕಿ ಹಣ ಕೇಳಿದಾಗ ಉಳಿಸುವುದು ಅದೊಂದೇ.

ಕಿಟ್ ಹುಡುಕಿಕೊಂಡು ಹೋಗುವ ಹುಡುಗರಿಗೂ ಒಂದು ಮಾತು ಹೇಳಬೇಕು. ಕುತೂಹಲದಿಂದ, ಒಂದು ದಿನ ತಮಾಷೆ ಮಾಡೋಣ ಎಂದು ಇಳಿಸಿಕೊಳ್ಳುವವರಿದ್ದಾರೆ. 2025ರ ಜನವರಿಯಲ್ಲಿ ಇದೇ ಕ್ಲೌಡ್‌ಸೆಕ್ ಸಂಸ್ಥೆ ಎಕ್ಸ್‌ವರ್ಮ್ ಎಂಬ ಕಿಟ್‌ನ ವಿಷಯ ಹೊರಗೆಡವಿತು. ಗಿಟ್‌ಹಬ್, ಟೆಲಿಗ್ರಾಂ, ಯೂಟ್ಯೂಬ್ ಮೂಲಕ ಪುಕ್ಕಟೆಯಾಗಿ ಹಂಚಿದ್ದ ಆ ಬಿಲ್ಡರ್ ಒಳಗೇ ಮಾಲ್‌ವೇರ್ ಸೇರಿಸಿದ್ದರು. ಬೇರೆಯವರ ಕಂಪ್ಯೂಟರ್ ಕೆಡಿಸಲು ಇಳಿಸಿಕೊಂಡವರ ಕಂಪ್ಯೂಟರುಗಳೇ ಕೆಟ್ಟವು. ಜಗತ್ತಿನಾದ್ಯಂತ 18,459 ಯಂತ್ರಗಳು. ಹೆಚ್ಚು ಬಲಿಯಾದ ದೇಶಗಳ ಸಾಲಿನಲ್ಲಿ ರಷ್ಯಾ, ಅಮೆರಿಕದ ಜೊತೆ ಭಾರತವೂ ಇತ್ತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಟೆಲಿಗ್ರಾಂ ಮೂಲಕ ಹೋದವು. ಆ ಮಾಲ್‌ವೇರಿನಲ್ಲೇ ಅಡಗಿದ್ದ ‘ಕಳಚಿಕೋ’ ಎಂಬ ಆಜ್ಞೆಯನ್ನು ಸಂಶೋಧಕರು ಪತ್ತೆ ಮಾಡಿ, ಸಿಕ್ಕಷ್ಟು ಯಂತ್ರಗಳಿಗೆ ಕಳಿಸಿ ಬಿಡುಗಡೆ ಮಾಡಿದರು. ಆ ಹೊತ್ತಿಗೆ ಆಫ್ ಆಗಿದ್ದ ಯಂತ್ರಗಳಿಗೆ ಆಜ್ಞೆ ತಲುಪಲಿಲ್ಲ. ತಮ್ಮ ಕಾಲೇಜಿನ ಹುಡುಗನೊಬ್ಬ ಇದರಲ್ಲಿ ಸಿಕ್ಕಿಕೊಂಡರೆ ಅವನ ಅಪ್ಪ ಅಮ್ಮನ ಬ್ಯಾಂಕ್ ಪಾಸ್‌ವರ್ಡ್ ಕೂಡ ಅದೇ ಬ್ರೌಸರಿನಲ್ಲಿರಬಹುದು ಎಂಬುದನ್ನು ಮೇಷ್ಟ್ರುಗಳು ತರಗತಿಯಲ್ಲಿ ಹೇಳಬೇಕು.

ಕಾನೂನಿನ ಮಾತು ಚಿಕ್ಕದಾಗಿ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಬೇರೆಯವರ ಕಂಪ್ಯೂಟರಿಗೆ ವೈರಸ್ ಸೇರಿಸುವುದನ್ನು ತಪ್ಪೆನ್ನುತ್ತದೆ. ದುರುದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆಯ ಒತ್ತು ಸೇರಿಸುವ ಕ್ರಿಯೆಯ ಮೇಲಿದೆ. ಸೇರಿಸಲು ಬೇಕಾದ ಕಿಟ್ ತಯಾರಿಸಿ ಹಂಚುವುದನ್ನೇ ಅಪರಾಧವೆಂದು ಬ್ರಿಟನ್, ಜರ್ಮನಿಯ ಕಾನೂನುಗಳು ಪ್ರತ್ಯೇಕವಾಗಿ ಹೆಸರಿಸಿವೆ. ನಮ್ಮಲ್ಲೂ ಸಂಶೋಧಕರಿಗೆ ರಕ್ಷಣೆ ಕೊಟ್ಟು ಅಂಥದ್ದೊಂದು ಸೆಕ್ಷನ್ ಬರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಮತ್ತೆ ಫೋನಿಗೆ ಬರುತ್ತೇನೆ. ನಮ್ಮಲ್ಲಿ ಹಣ ಹೋಗುವುದು ಅಲ್ಲಿಂದಲೇ. ಗೂಗಲ್ ಪ್ಲೇ ಪ್ರೊಟೆಕ್ಟ್ ಎಂಬ ಕಾವಲು ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿದೆ. ಪ್ಲೇ ಸ್ಟೋರಿನ ಹೊರಗಿಂದ ಬಂದ, ಹಿಂದೆಂದೂ ನೋಡದ ಆ್ಯಪ್ ಹಾಕುವಾಗಲೇ ಅದರ ಕೋಡನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಅದು 2023ರ ಅಕ್ಟೋಬರಿನಲ್ಲಿ ಮೊದಲು ತಂದದ್ದು ಭಾರತದಲ್ಲೇ. ಕಿಟ್‌ಗಳಿಂದ ಹುಟ್ಟುವ ಹೊಸ ಹೊಸ ಫೈಲುಗಳಿಗೆ ಇದು ನೇರ ಉತ್ತರ. ಮರುವರ್ಷ ಇನ್ನೊಂದು ಹೆಜ್ಜೆಯನ್ನು ಪ್ರಾಯೋಗಿಕವಾಗಿ ಇಟ್ಟರು. ಬ್ರೌಸರು, ವಾಟ್ಸ್ಆ್ಯಪ್, ಫೈಲ್ ಮ್ಯಾನೇಜರ್ ದಾರಿಯಲ್ಲಿ ಬಂದ ಆ್ಯಪ್ ಎಸ್‌ಎಂಎಸ್ ಓದುವ, ನೋಟಿಫಿಕೇಷನ್ ನೋಡುವ, ಪರದೆಯನ್ನು ಓದಿ ನಿಯಂತ್ರಿಸಬಲ್ಲ ಆಕ್ಸೆಸಿಬಿಲಿಟಿ ಸೌಲಭ್ಯ ಬಳಸುವ ಅನುಮತಿ ಬೇಡಿದರೆ ಅಳವಡಿಕೆಯನ್ನೇ ತಡೆಯುವುದು. ಈ ಅನುಮತಿಗಳನ್ನು ದುರುಪಯೋಗ ಮಾಡುವ ಮುಖ್ಯ ವಂಚನೆ ಮಾಲ್‌ವೇರ್‌ಗಳ ಅಳವಡಿಕೆಗಳಲ್ಲಿ ಶೇ 95ಕ್ಕೂ ಹೆಚ್ಚು ಇಂಥ ದಾರಿಗಳಿಂದ ಆಗುತ್ತವೆ ಎಂದು ಗೂಗಲ್ ಹೇಳಿದೆ. ಫೈಲಿನ ಹೆಸರು, ಬಣ್ಣ, ಕಿಟ್ ಯಾವುದಿದ್ದರೂ ಲೆಕ್ಕಕ್ಕಿಲ್ಲ. ಕೇಳಿದ್ದೇನು ಎಂಬುದಷ್ಟೇ ಲೆಕ್ಕ. ಇದುವರೆಗೆ ಬಂದ ಉಪಾಯಗಳಲ್ಲಿ ಇದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಆದರೂ ಈ ಗುಡ್ಡಗಳಲ್ಲಿ ಕೆಲವು ತೊಡಕುಗಳಿವೆ. ಬೆಂಗಳೂರಿನಲ್ಲಿರುವ ಮಗ ಹೊಸ ಫೋನ್ ಕೊಂಡು ಹಳೆಯದನ್ನು ಊರಿನ ಅಪ್ಪನಿಗೆ ಕೊಡುತ್ತಾನೆ. ತೋಟದ ಆಳುಗಳ ಲೈನ್ ಮನೆಗಳಲ್ಲಿ ಕೈಬದಲಾದ ಹಳೆಯ ಫೋನುಗಳೇ ಹೆಚ್ಚು. ಅವುಗಳಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತಿರುತ್ತದೆ. ಇನ್ನೊಂದು, ಹೊಸ ಫೈಲಿನ ಪರೀಕ್ಷೆಗೆ ಫೋನು ಗೂಗಲ್ ಸರ್ವರ್ ಜೊತೆ ಮಾತಾಡಬೇಕು. ಹೆತ್ತೂರು, ಬಿಸಿಲೆ ಕಡೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಪೇಟೆಗೆ ಬಂದಾಗ ಇಳಿದ ಫೈಲನ್ನು ಮನೆಗೆ ಹೋಗಿ, ನೆಟ್‌ವರ್ಕ್ ಇಲ್ಲದ ಕಡೆ ಕೂತು ತೆರೆದರೆ ಆ ಪರೀಕ್ಷೆ ಪೂರ್ತಿ ನಡೆಯಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ವಂಚಕ ಫೋನ್ ಮಾಡಿ ‘ಅಣ್ಣಾ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ, ಆಮೇಲೆ ಅಲೋ ಒತ್ತಿ’ ಎಂದು ನಯವಾಗಿ ಹೇಳಿಕೊಟ್ಟರೆ, ನಾವೇ ನಮ್ಮ ಕೈಯಿಂದ ಆಫ್ ಮಾಡಿದ ಕಾವಲಿಗೆ ಯಾವ ಕಂಪನಿಯೂ ಉತ್ತರ ಕೊಡಲಾರದು. ಹಾಗೆ ಆಫ್ ಮಾಡಲು ಹೇಳಿದವನು ಯಾರೇ ಆಗಿರಲಿ, ವಂಚಕನೆಂದೇ ತಿಳಿದು ಫೋನ್ ಇಟ್ಟುಬಿಡಿ. ಸರ್ಕಾರವಾಗಲಿ ಬ್ಯಾಂಕಾಗಲಿ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಳಿಸುವುದಿಲ್ಲ.

ಅಂಥ ಆ್ಯಪ್ ಹಾಕಿಕೊಂಡಾಗಿದ್ದರೆ ಮೊದಲು ಏರೋಪ್ಲೇನ್ ಮೋಡ್ ಒತ್ತಿ. ವೈಫೈ ಕೂಡ ಆಫ್ ಇರಲಿ. ಮನೆಯ ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತಿರುವಾಗಲೇ ತಡೆದರೆ ವಾಪಸು ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಊರಿನವರನ್ನು ಕೇಳಿ ನೋಡೋಣ ಎಂದು ಕೂರಬೇಡಿ. ಬಂದ ಸಂದೇಶ, ಕಳಿಸಿದ ನಂಬರು, ಫೈಲಿನ ಹೆಸರು ಇವನ್ನು ಬೇರೆ ಫೋನಿನಿಂದ ಫೋಟೊ ತೆಗೆದಿಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸಿಇಎನ್ ಠಾಣೆಗೆ ದೂರು ಕೊಡುವಾಗ ಬೇಕು. ಆಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಬರೀ ಅನ್‌ಇನ್‌ಸ್ಟಾಲ್ ಸಾಲದು, ಕೆಲವು ಆ್ಯಪ್‌ಗಳು ಅದಕ್ಕೆ ಬಿಡುವುದೇ ಇಲ್ಲ. ಪಾಸ್‌ವರ್ಡ್ ಬದಲಿಸುವುದೂ ಬೇರೆ ಸಾಧನದಿಂದ. ಮೋಸಹೋದದ್ದಕ್ಕೆ ನಾಚಿಕೊಂಡು ಮನೆಯವರಿಂದ ಮುಚ್ಚಿಡುವವರು ಬಹಳ. ನಿಮ್ಮ ಫೋನಿನಿಂದ ಅದೇ ಫೈಲು ನಿಮ್ಮ ಹೆಸರಿನಲ್ಲೇ ನೆಂಟರಿಗೆ, ಸ್ನೇಹಿತರಿಗೆ ಹೋಗಬಹುದು. ನಿಮ್ಮ ಹೆಸರು ನೋಡಿ ಅವರು ನಂಬುತ್ತಾರೆ. ಆದ್ದರಿಂದ ಎಲ್ಲರಿಗೂ ಹೇಳಿ.

ಹಣದ ಲೆಕ್ಕಕ್ಕೆ ಸಿಗದ ಒಂದು ಅಪಾಯ ಸಕಲೇಶಪುರ, ಆಲೂರು ತಾಲ್ಲೂಕುಗಳಿಗೆ ವಿಶೇಷವಾಗಿ ಇದೆ. ಕಾಡಾನೆ ಎಲ್ಲಿದೆ ಎಂಬ ಮುನ್ನೆಚ್ಚರಿಕೆ ನಮಗೆ ಫೋನಿನಲ್ಲೇ ಬರುವುದು. ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಕಟ್ಟಿದ ವ್ಯವಸ್ಥೆಯಲ್ಲಿ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಡಿಜಿಟಲ್ ಫಲಕಗಳಿವೆ. ಅದಲ್ಲದೆ ಊರೂರಿನ ವಾಟ್ಸ್ಆ್ಯಪ್ ಗುಂಪುಗಳಿವೆ. ಬೆಳಗ್ಗೆ ತೋಟಕ್ಕೆ ಆಳು ಕಳಿಸುವ ಮುಂಚೆ ಆ ಗುಂಪು ನೋಡದ ಬೆಳೆಗಾರರಿಲ್ಲ. ಶಾಲೆಗೆ ನಡೆದು ಹೋಗುವ ಮಕ್ಕಳ ತಾಯಂದಿರೂ ನೋಡುತ್ತಾರೆ. ಆಂಡ್ರಾಯ್ಡ್‌ನಲ್ಲಿ ಎಸ್‌ಎಂಎಸ್‌ಗೆ ಮುಖ್ಯ ಆ್ಯಪ್ ಯಾವುದೋ ಅದೇ ಬಂದ ಸಂದೇಶವನ್ನು ತೋರಿಸಬೇಕು. ಆ ಜಾಗವನ್ನು ಚಲನ್ ಹೆಸರಿನ ಆ್ಯಪ್ ಹಿಡಿದುಕೊಂಡರೆ, ಒಟಿಪಿ ಬಚ್ಚಿಡುವ ಅದೇ ಕೈ ಆನೆಯ ಎಚ್ಚರಿಕೆಯನ್ನೂ ತೋರಿಸದೆ ಬಚ್ಚಿಡಬಹುದು. ಖಾತೆಯಿಂದ ಹೋದ ಹಣಕ್ಕೆ ದೂರು ಕೊಡಬಹುದು, ತೋಟದ ದಾರಿಯಲ್ಲಿ ಆನೆ ಎದುರಾದವರ ಜೀವಕ್ಕೆ ಎಲ್ಲಿ ದೂರು ಕೊಡುವುದು?

ಗುಂಪುಗಳ ವಿಷಯವೂ ಸಲೀಸಲ್ಲ. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರೆ ಕೆಟ್ಟ ಫೈಲು ಬರುವುದು ನಿಲ್ಲುತ್ತದೆ. ಆದರೆ ಆನೆಯನ್ನು ಮೊದಲು ಕಾಣುವವನು ಅಡ್ಮಿನ್ ಅಲ್ಲ, ಮೆಣಸಿನ ಬಳ್ಳಿ ನೋಡಲು ಹೋದ ಆಳು, ಹಾಲು ಹಾಕಲು ಹೊರಟ ಹೆಂಗಸು. ಅವರ ಬಾಯಿ ಕಟ್ಟಿದರೆ ಗುಂಪು ಇದ್ದೂ ಇಲ್ಲದಂತೆ. ಇಲಾಖೆಯವರು ಗುಂಪುಗಳನ್ನು ಎರಡಾಗಿ ವಿಂಗಡಿಸಬಹುದು. ಕಂಡದ್ದನ್ನು ತಿಳಿಸಲು ಒಂದು ತೆರೆದ ಗುಂಪು, ಅದರಿಂದ ಖಚಿತಪಡಿಸಿಕೊಂಡ ಎಚ್ಚರಿಕೆ ಹೊರಡಿಸಲು ಅಡ್ಮಿನ್ ಮಾತ್ರ ಬರೆಯುವ ಇನ್ನೊಂದು. ಎಚ್ಚರಿಕೆ ಬರುವುದು ಬರಹ, ಫೋಟೊ, ಧ್ವನಿ ಈ ಮೂರು ರೂಪದಲ್ಲಿ ಮಾತ್ರ, ಯಾವತ್ತೂ ಫೈಲಾಗಿ ಬರುವುದಿಲ್ಲ ಎಂದು ಎರಡೂ ಗುಂಪಿನ ವಿವರಣೆಯಲ್ಲಿ ಕನ್ನಡದಲ್ಲಿ ಬರೆದಿಡಲಿ. ತೆರೆದ ಗುಂಪಿನಲ್ಲಿ ಎಪಿಕೆ ಕಂಡ ತಕ್ಷಣ ಅಡ್ಮಿನ್ ಅಳಿಸಿ, ಕಳಿಸಿದವರಿಗೆ ಫೋನ್ ಮಾಡಿ ಅವರ ಮೊಬೈಲ್ ಕೆಟ್ಟಿದೆ ಎಂದು ತಿಳಿಸಲಿ. ಈ ಬದಲಾವಣೆಗೆ ಬಜೆಟ್ ಬೇಡ, ಮೇಲಿನ ಆದೇಶವೂ ಬೇಡ. ವಲಯ ಅರಣ್ಯಾಧಿಕಾರಿಗಳೂ ಬೆಳೆಗಾರರ ಸಂಘಗಳೂ ಒಂದು ಮಧ್ಯಾಹ್ನ ಕೂತರೆ ಮುಂದಿನ ಕೊಯ್ಲಿಗೆ ಮುಂಚೆ ಆಗಿಬಿಡುವ ಕೆಲಸ.